ಏರ್‌ಬ್ಯಾಗಿನ ಎರಡು ದೀಪ, ಎರಡು ಅರ್ಥ

ಕೊಚ್ಚಿಯ ಇನ್ಫೋಪಾರ್ಕ್, ತಿರುವನಂತಪುರದ ಟೆಕ್ನೋಪಾರ್ಕ್‌ಗಳಲ್ಲಿ ದುಡಿಯುವ ಕನ್ನಡಿಗರಿಗೆ ಈ ಎರಡು ಊರುಗಳ ನಡುವಿನ ಸುಮಾರು 200 ಕಿ.ಮೀ. ದಾರಿ ಚೆನ್ನಾಗಿ ಪರಿಚಿತ. ಆಲಪ್ಪುಳ, ಕೊಲ್ಲಂ ದಾಟಿ ಹೋಗುವ ಈ ಹೆದ್ದಾರಿಯಲ್ಲಿ ವಾರಾಂತ್ಯ ಬಂತೆಂದರೆ, ಮುಂದಿನ ಸೀಟಿನಲ್ಲಿ ಅಮ್ಮನ ಮಡಿಲೇರಿ ಕುಳಿತ ಮಕ್ಕಳು ಕಾಣಸಿಗುತ್ತಾರೆ. ನಮ್ಮೂರಿನಲ್ಲೂ ಅಷ್ಟೇ. ‘ಏರ್‌ಬ್ಯಾಗ್ ಇದೆಯಲ್ಲ, ಏನೂ ಆಗಲ್ಲ ಬಿಡಿ’ ಎಂಬ ಧೈರ್ಯ ಬೇರೆ.

2024ರ ಸೆಪ್ಟೆಂಬರ್‌ನಲ್ಲಿ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್ ಬಳಿ ಕಾರೊಂದು ಟ್ಯಾಂಕರ್ ಲಾರಿಗೆ ಡಿಕ್ಕಿಯಾಯಿತು. ಮುಂದೆ ತಾಯಿಯ ಮಡಿಲಲ್ಲಿದ್ದ ಎರಡು ವರ್ಷದ ಮಗು ತೀರಿಕೊಂಡಿತು. ಏರ್‌ಬ್ಯಾಗ್ ಮುಖಕ್ಕೆ ಒತ್ತಿದ್ದೇ ಕಾರಣವೆಂದು ಪತ್ರಿಕೆಗಳು ಬರೆದವು. ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಉಬ್ಬುವ ಈ ಚೀಲವನ್ನು ರೂಪಿಸಿರುವುದು ಬೆಲ್ಟ್ ಹಾಕಿ ಕುಳಿತ ದೊಡ್ಡವರ ಎದೆ, ತಲೆಗೆ. ಮಗುವಿಗೆ ಅದೇ ದೊಡ್ಡ ಪೆಟ್ಟು.

ಹಾಗಾಗಿ ಡ್ಯಾಶ್‌ಬೋರ್ಡಿನ ಎರಡು ದೀಪಗಳನ್ನು ಬೇರೆಬೇರೆಯಾಗಿ ಓದಲು ಕಲಿಯಬೇಕು.

ಮೊದಲನೆಯದು ಸ್ಪೀಡೋಮೀಟರ್ ಪಕ್ಕದ ದೀಪ. ಕುಳಿತ ವ್ಯಕ್ತಿ, ಎದುರಿಗೊಂದು ಉಂಡೆ: ಇದು ಅದರ ಚಿತ್ರ. ಇಗ್ನಿಷನ್ ಆನ್ ಮಾಡಿದಾಗ ಕೆಲವು ಸೆಕೆಂಡು ಬೆಳಗಿ ಆರಿದರೆ ಎಲ್ಲ ಸರಿ. ಆರದಿದ್ದರೆ, ಓಡಿಸುವಾಗ ಮತ್ತೆ ಹೊತ್ತಿದರೆ ಅಥವಾ ಮೊದಲಿಗೆ ಬೆಳಗದೇ ಇದ್ದರೆ ದೋಷವಿದೆ ಎಂದರ್ಥ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದೆ ಹೋಗಬಹುದು. ಮಳೆಗಾಲದಲ್ಲಿ ಕೊಚ್ಚಿಯ ರಸ್ತೆಗಳ ನೀರು ಕಾರಿನೊಳಗೆ ನುಗ್ಗಿದರೆ ಸೀಟಿನಡಿಯ ಹಳದಿ ಕನೆಕ್ಟರ್‌ಗಳಿಗೆ ತೇವ ತಗಲುತ್ತದೆ. ಸೀಟಿನ ಕೆಳಗೆ ಕೊಡೆ, ಚೀಲ ತುರುಕಿದರೂ ವೈರ್ ಸಡಿಲವಾಗಬಹುದು. ನೀವಾಗಿಯೇ ಎಳೆದು ನೋಡಬೇಡಿ. ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನ್ ಮಾಡಿಸಿ. ದೀಪ ಆರಿಸಿಕೊಟ್ಟರೆ ಸಾಲದು, ಕಾರಣ ಏನೆಂದು ಕೇಳಿ.

ಎರಡನೆಯದು ‘ಪ್ಯಾಸೆಂಜರ್ ಏರ್‌ಬ್ಯಾಗ್ ಆಫ್’ ದೀಪ. ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನ ನಡುವೆ ಅಥವಾ ಮೇಲ್ಛಾವಣಿಯ ಕನ್ನಡಿಯ ಬಳಿ ಇರುತ್ತದೆ. ಇದು ದೋಷದ ದೀಪವಲ್ಲ. ಎಡಗಡೆ ಮುಂದಿನ ಏರ್‌ಬ್ಯಾಗನ್ನು ಬಂದ್ ಮಾಡಲಾಗಿದೆ ಎಂಬ ಸೂಚನೆ, ಅಷ್ಟೆ. ಹಲವು ಕಾರುಗಳಲ್ಲಿ ಇದಕ್ಕೆ ಗ್ಲವ್ ಬಾಕ್ಸ್‌ನಲ್ಲೋ ಡ್ಯಾಶ್‌ಬೋರ್ಡಿನ ಪಕ್ಕದಲ್ಲೋ ಕೀಲಿಯಿಂದ ತಿರುಗಿಸುವ ಸ್ವಿಚ್ ಇರುತ್ತದೆ. ಕೆಲವು ಕಾರುಗಳು ಸೀಟಿನ ಮೇಲಿನ ಭಾರ ನೋಡಿ ತಾವೇ ನಿರ್ಧರಿಸುತ್ತವೆ.

ಎಡವಟ್ಟಾಗುವುದು ಇಲ್ಲೇ. ಹಿಮ್ಮುಖವಾಗಿ ಕೂರಿಸುವ ಶಿಶು ಆಸನವನ್ನು ಅನಿವಾರ್ಯವಾಗಿ ಮುಂದೆ ಕಟ್ಟುವುದಾದರೆ ಈ ದೀಪ ಉರಿಯುತ್ತಲೇ ಇರಬೇಕು. ಸ್ವಿಚ್ ಇಲ್ಲದ ಕಾರಿನಲ್ಲಿ ಅಂಥ ಆಸನ ಮುಂದೆ ಬೇಡವೇ ಬೇಡ. ಆದರೆ ಆಸನ ತೆಗೆದು ಅಮ್ಮನೋ ಅಜ್ಜಿಯೋ ಅಲ್ಲಿ ಕುಳಿತಾಗಲೂ ಅದೇ ದೀಪ ಉರಿಯುತ್ತಿದ್ದರೆ ಅವರಿಗೆ ಏರ್‌ಬ್ಯಾಗ್ ಇಲ್ಲ. ಸ್ವಿಚ್ ಮರಳಿ ತಿರುಗಿಸಬೇಕು. ಹಾಗೆಂದು ಮಗುವನ್ನು ಮಡಿಲಲ್ಲಿ ಕೂರಿಸಲು ಏರ್‌ಬ್ಯಾಗ್ ಆಫ್ ಮಾಡುವುದೂ ಪರಿಹಾರವಲ್ಲ. ಡಿಕ್ಕಿಯ ರಭಸದಲ್ಲಿ ಯಾವ ತಾಯಿಯ ಕೈಯೂ ಮಗುವನ್ನು ಹಿಡಿದಿಡಲಾರದು.

ಮಲಪ್ಪುರಂ ಘಟನೆಯ ಮರುತಿಂಗಳು ಕೇರಳದ ಸಾರಿಗೆ ಆಯುಕ್ತರು ಮಕ್ಕಳ ಆಸನ ಕಡ್ಡಾಯ, ಡಿಸೆಂಬರ್‌ನಿಂದ ದಂಡ ಎಂದರು. ಸದ್ಯಕ್ಕೆ ದಂಡವಿಲ್ಲ ಎಂದು ಸಾರಿಗೆ ಸಚಿವರು ಸಮಾಧಾನ ಹೇಳಿದರು. ಆದರೂ 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ಬಿ ಸೆಕ್ಷನ್ ದೇಶಕ್ಕೆಲ್ಲ ಅನ್ವಯಿಸುತ್ತದೆ: 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಆಸನ ಇಲ್ಲದಿದ್ದರೆ 1000 ರೂಪಾಯಿ ದಂಡ.

ಓಣಂ ರಜೆಗೋ ದಸರೆಗೋ ಊರಿಗೆ ಹೊರಡುವ ಮುನ್ನ ಟೈರಿನ ಗಾಳಿ ನೋಡುವಂತೆ ಈ ಎರಡು ದೀಪಗಳನ್ನೂ ನೋಡಿ. ಮಕ್ಕಳನ್ನು ಹಿಂದೆ ಕೂರಿಸಿ, ಬೆಲ್ಟ್ ಹಾಕಿ. ಅತ್ತರೆ ದಾರಿಯಲ್ಲಿ ನಿಲ್ಲಿಸಿ ಸಮಾಧಾನ ಮಾಡೋಣ. ಅರ್ಧ ಗಂಟೆ ತಡವಾದರೆ ಏನೂ ಹೋಗುವುದಿಲ್ಲ.