ಪಿಂಚಣಿ ಕಡತದಲ್ಲಿ ಸಿಗುವ ಸೈನಿಕ

1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ಹೋರಾಡಿದ ಪೂರ್ವಜನೊಬ್ಬನ ಬದುಕನ್ನು ಅರಸುವವರು ಮೊದಲು ಅವನ ರೆಜಿಮೆಂಟನ್ನು, ಅಂದರೆ ಸುಮಾರು ಸಾವಿರ ಸೈನಿಕರ ದಳವನ್ನು, ಗುರುತಿಸಬೇಕಾಗುತ್ತದೆ. ವಾಷಿಂಗ್ಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿರುವ ಸೇವಾ ದಾಖಲೆಯು ಹಾಜರಿ ಪಟ್ಟಿಗಳಿಂದ ನಕಲಿಸಿದ ಚೀಟಿಗಳ ಕಟ್ಟಾಗಿದ್ದು, ಸೈನಿಕನು ಯಾವಾಗ ಸೇರಿದ, ಯಾವಾಗ ಗೈರಾದ, ಯಾವಾಗ ಆಸ್ಪತ್ರೆಯ ಪಾಲಾದ ಎಂಬುದನ್ನು ತಿಳಿಸುತ್ತದೆಯೇ ಹೊರತು ಅವನ ಸಂಸಾರದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ.

ಆ ಕೊರತೆಯನ್ನು ತುಂಬುವುದು ಪಿಂಚಣಿ ಕಡತ. ವಿಧವೆಯು ತನ್ನ ಮದುವೆಯನ್ನೂ ಮಕ್ಕಳ ವಯಸ್ಸನ್ನೂ ರುಜುವಾತುಪಡಿಸಬೇಕಿದ್ದುದರಿಂದ, ಮನೆಯ ಬೈಬಲ್ಲಿನಲ್ಲಿ ಜನನ-ಮರಣಗಳನ್ನು ಬರೆದಿಟ್ಟಿದ್ದ ಹಾಳೆಯನ್ನೇ ಹರಿದು ಲಗತ್ತಿಸಿದ ಉದಾಹರಣೆಗಳು ಅಲ್ಲಿವೆ. ಗುಲಾಮಗಿರಿಯಲ್ಲಿ ನಡೆದ ಮದುವೆಗಳಿಗೆ ಕಾನೂನಿನ ಮಾನ್ಯತೆ ಇರಲಿಲ್ಲವಾದ ಕಾರಣ, ಒಕ್ಕೂಟದ, ಅಂದರೆ ಉತ್ತರದ ಕೇಂದ್ರ ಸರ್ಕಾರದ, ಸೈನ್ಯದಲ್ಲಿದ್ದ ಸುಮಾರು 1,79,000 ಕಪ್ಪು ಸೈನಿಕರ ಪೈಕಿ ಅನೇಕರ ಕುಟುಂಬಗಳು ನೆರೆಹೊರೆಯವರ, ಜೊತೆಗಾರ ಸೈನಿಕರ, ಕೆಲವೊಮ್ಮೆ ಹಳೆಯ ಒಡೆಯನ ಅಫಿಡವಿಟ್‌ಗಳನ್ನು, ಅಂದರೆ ಪ್ರಮಾಣ ಮಾಡಿ ಕೊಟ್ಟ ಲಿಖಿತ ಹೇಳಿಕೆಗಳನ್ನು, ಸಲ್ಲಿಸಿದವು. ಅಧಿಕಾರಿಗಳ ಅಂದಿನ ಅನುಮಾನವೇ ಇಂದಿನ ವಂಶಜರಿಗೆ ವರವಾಗಿದೆ ಎಂದರೆ ತಪ್ಪಾಗದು.

ದಕ್ಷಿಣದ ಬಂಡಾಯ ಸೈನ್ಯದಲ್ಲಿದ್ದವರಿಗೆ ಆ ಕಾಲದಲ್ಲಿ ಕೇಂದ್ರ ಸರ್ಕಾರ ಪಿಂಚಣಿ ಕೊಡಲಿಲ್ಲವಾದ್ದರಿಂದ, ಅವರ ಅರ್ಜಿಗಳನ್ನು ಯುದ್ಧಾನಂತರ ಅವರು ನೆಲೆಸಿದ ದಕ್ಷಿಣದ ರಾಜ್ಯದ ಪತ್ರಾಗಾರದಲ್ಲಿ ಹುಡುಕಬೇಕು.