ಕೋಟದ ಹಾಡಿಯಲ್ಲೇ ಇದೆ ‘ಬ್ಲೂಬೆರಿ’ ಸಾಸ್

ಬ್ಲೂಬೆರಿ ಸಾಸ್‌ಗಾಗಿ ಆಮದು ಹಣ್ಣಿಗೆ ದುಡ್ಡು ಸುರಿಯುವವರು ಕೋಟದ ಆಸುಪಾಸಿನ ಹಾಡಿಗಳನ್ನೊಮ್ಮೆ ನೋಡಬೇಕು. ಕರಾವಳಿಯ ಮುರಕಲ್ಲು ನೆಲದಲ್ಲಿ ತಾನಾಗಿ ಬೆಳೆಯುವ ಕುಂಟುನೇರಳೆ, ತುಳುವರ ಕುಂಟಲ, ಬೇಸಿಗೆಯ ಕೊನೆಗೆ ಕಪ್ಪಾಗಿ ಮಾಗುತ್ತದೆ. ಇದು ಬ್ಲೂಬೆರಿಯ ನಂಟಲ್ಲ, ನೇರಳೆಯ ಕುಲದ್ದು. ಬಣ್ಣ ಮಾತ್ರ ಎರಡಕ್ಕೂ ಆಂಥೋಸಯನಿನ್‌ನಿಂದಲೇ ಬಂದಿದೆ.

ತೊಡಕಿರುವುದು ಬೀಜದಲ್ಲಿ. ಬ್ಲೂಬೆರಿಯನ್ನು ಇಡಿಯಾಗಿಯೇ ಬೇಯಿಸಿ ಬಡಿಸಬಹುದು. ಕುಂಟುನೇರಳೆಯನ್ನು ಮಿಕ್ಸಿಗೆ ಹಾಕಿದರೋ, ಬೀಜ ಒಡೆದು ಒಗರು ಇಡೀ ಸಾಸ್‌ಗೆ ಇಳಿಯುತ್ತದೆ. ಆದ್ದರಿಂದ ತೊಳೆದ 2 ಬಟ್ಟಲು ಹಣ್ಣನ್ನು ಅರ್ಧ ಬಟ್ಟಲು ನೀರಿನೊಡನೆ ಸಣ್ಣ ಉರಿಯಲ್ಲಿ ಮೆತ್ತಗೆ ಬೇಯಿಸಿ, ಸೌಟಿನಿಂದ ಒತ್ತುತ್ತ ಜರಡಿಯಲ್ಲಿ ಸೋಸಬೇಕು. ಬಂದ ರಸಕ್ಕೆ ಅದರ ಅರ್ಧದಷ್ಟು ಸಕ್ಕರೆ, 1 ಚಮಚ ನಿಂಬೆರಸ ಬೆರೆಸಿ ಕುದಿಸಿದರೆ ಬಣ್ಣ ಕೆಂಪಿನತ್ತ ತಿರುಗುತ್ತದೆ. ಪಾತ್ರೆ ಸ್ಟೀಲಿನದೇ ಇರಲಿ. ಕಬ್ಬಿಣದ ಬಾಣಲೆಯಲ್ಲಿ ಹಣ್ಣಿನ ಒಗರು ಲೋಹದೊಡನೆ ಸೇರಿ ಸಾಸ್ ಕಪ್ಪಡರೀತು. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುವುದರಿಂದ, ಸೌಟಿಗೆ ತೆಳುವಾಗಿ ಅಂಟುವಷ್ಟಾದೊಡನೆ ಇಳಿಸುವುದು ಜಾಣತನ.

ಫ್ರಿಜ್‌ನಲ್ಲಿಟ್ಟರೆ ಒಂದು ವಾರಕ್ಕೆ ತೊಂದರೆಯಿಲ್ಲ. ಐಸ್‌ಕ್ರೀಮ್‌ಗಿಂತಲೂ ನೀರುದೋಸೆಗೆ ಇದು ಚೆನ್ನಾಗಿ ಒಪ್ಪುತ್ತದೆ. ಆದರೆ ಕೊಯ್ದ ಹಣ್ಣು ಬಹಳ ಬೇಗ ಹುಳಿಯುವುದರಿಂದ, ಹಾಡಿಯಿಂದ ತಂದ ದಿನವೇ ಒಲೆ ಹಚ್ಚಬೇಕು.