ಕಲ್ಲುಹೂವು ಮತ್ತು ಬಿಸಿಲುರಕ್ಷಕ ಲೇಪನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೆಂಗಿನ ಕಾಂಡಗಳ ಮೇಲೆ ಕಾಣುವ ಬಿಳಿಬೂದು ಮಚ್ಚೆಗಳು ಸಾಮಾನ್ಯವಾಗಿ ಮಸಾಲೆಯ ಕಲ್ಲುಹೂವಿನ ಬಳಗದವು. ಶಿಲೀಂಧ್ರ ಮತ್ತು ಪಾಚಿ ಕೂಡಿ ಬಾಳುವ ಜೀವಿಗಳು. ಈ ಬಳಗದ ಕೆಲವು ಜಾತಿಗಳಲ್ಲಿರುವ ಅಸ್ನಿಕ್ ಆಮ್ಲವು ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಅಧಿಕವಾಗಿರುವ ಲಾರಿಕ್ ಆಮ್ಲಕ್ಕೆ ಈ ಗುಣವಿಲ್ಲ.

ಹಾಗೆಂದು ಕಲ್ಲುಹೂವಿನ ಸತ್ವವನ್ನು ಎಣ್ಣೆಗೆ ಬೆರೆಸಿ ‘ಸನ್‌ಸ್ಕ್ರೀನ್’ ಎಂದು ಮಾರುವಂತಿಲ್ಲ. ತಯಾರಿಕೆಗೆ 2020ರ ಸೌಂದರ್ಯವರ್ಧಕ ನಿಯಮಗಳನ್ವಯ ಪರವಾನಗಿ ಅಗತ್ಯ; ಕಿರಣ ತಡೆಯುವ ವಸ್ತುವು ಭಾರತೀಯ ಮಾನಕ ಬ್ಯೂರೋದ ಅನುಮತಿತ ಪಟ್ಟಿಯಲ್ಲಿರಬೇಕು. ಅಸ್ನಿಕ್ ಆಮ್ಲವು ಕೆಲವರ ಚರ್ಮಕ್ಕೆ ಒಗ್ಗದು. ಕಲ್ಲುಹೂವಿನ ಬೆಳವಣಿಗೆಯೂ ಅತಿ ನಿಧಾನವಾದುದರಿಂದ ಕಚ್ಚಾಮಾಲಿನ ನಿರಂತರ ಪೂರೈಕೆ ಕಷ್ಟ.

ಆದುದರಿಂದ ಶುದ್ಧ ಕೊಬ್ಬರಿ ಎಣ್ಣೆಯನ್ನು ಲೇಪನಗಳ ಮೂಲದ್ರವ್ಯವಾಗಿ ಪೂರೈಸುವುದೇ ಈ ಸೀಮೆಯ ಸಣ್ಣ ಉದ್ಯಮಿಗಳಿಗೆ ಸದ್ಯ ಭದ್ರವಾದ ಮಾರ್ಗ.